ಹಗೇವು ಮತ್ತು ಅಡಕಲು: ಮೈಸೂರು ಸೀಮೆಯ ಆಪತ್ಕಾಲದ ಆಹಾರಸಂಗ್ರಹವನ್ನು ಕುರಿತು

ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಗೆ ಹೋಗುವ ಚರಿತ್ರೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅಲ್ಲಿನ ಪಂಚಲಿಂಗೇಶ್ವರ ದೇವಾಲಯವನ್ನು ನೋಡಿ ಹಿಂದಿರುಗುತ್ತಾರೆ. ಐದು ಗರ್ಭಗುಡಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ 13ನೆಯ ಶತಮಾನದ ಆ ಹೊಯ್ಸಳ ಕೃತಿ ನೋಡತಕ್ಕದ್ದೇ ಸರಿ. ಆದರೆ ಆ ಗುಡಿಗೆ ನಡೆದುಕೊಂಡ ಒಕ್ಕಲುಮಕ್ಕಳು ಮಳೆ ತಪ್ಪಿದ ವರ್ಷಗಳಲ್ಲಿ ಏನನ್ನು ಉಂಡು ಜೀವ ಹಿಡಿದರೆಂಬುದನ್ನು ಕಲ್ಲು ಹೇಳಲಾರದು. ದೇವರ ನೈವೇದ್ಯದ ಅಕ್ಕಿಗೆ, ನಂದಾದೀಪದ ಎಣ್ಣೆಗೆ, ಗಾಣದ ತೆರಿಗೆಗೆ ನಮ್ಮ ಶಾಸನಗಳಲ್ಲಿ ಸ್ಥಾನವುಂಟು. ಮನೆಯ ಒಳಕೋಣೆಯಲ್ಲಿ ಒಂದರ ಮೇಲೊಂದು ಅಡಕಿಟ್ಟ ಮಡಕೆಗಳಿಗೆ ಇಲ್ಲ. ಈ ಲೇಖನದ ವಿಷಯ ಆ ಮಡಕೆಗಳು.

ಈ ಪ್ರಶ್ನೆ ನನಗೆ ಗ್ರಂಥಾಲಯದಲ್ಲಿ ಹುಟ್ಟಿದುದಲ್ಲ. 2020ರ ಮಾರ್ಚಿ ತಿಂಗಳಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡಾಗ ನಾಗಮಂಗಲದ ಕಡೆಯ ವಿದ್ಯಾರ್ಥಿಯೊಬ್ಬನು ದೂರವಾಣಿಯಲ್ಲಿ ಕೇಳಿದನು: “ಸಾರ್, ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ. ಅನ್ನ, ಮುದ್ದೆ ಎರಡನ್ನೂ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ. ಮನೆ ತುಂಬ ಅಕ್ಕಿ ರಾಗಿ ಇದೆ. ಕಷ್ಟಕಾಲಕ್ಕೆ ಅಂತ ಇವರಿಗೆ ಏನನ್ನು ಕೂಡಿಡೋದು?” ನಾನು ವೈದ್ಯನಲ್ಲ. ಆದರೆ ಹುಡುಗನ ಪ್ರಶ್ನೆಯಲ್ಲಿ ಚರಿತ್ರೆಯ ಅಂಶವೊಂದು ಇದ್ದಿತು. ಆಪತ್ಕಾಲಕ್ಕೆ ಕೂಡಿಡುವುದೆಂದರೆ ಧಾನ್ಯವನ್ನು ಕೂಡಿಡುವುದೆಂದೇ ನಾವು ಭಾವಿಸಿದ್ದೇವೆ. ಧಾನ್ಯವಲ್ಲದುದನ್ನು ಕೂಡಿಟ್ಟ ಕ್ರಮ ನಮ್ಮ ನಾಡಿನಲ್ಲಿ ಇರಲಿಲ್ಲವೆ? ಇದ್ದರೆ, ದುರ್ಭಿಕ್ಷದ ಚರಿತ್ರೆಯನ್ನು ಬರೆದವರಿಗೆ ಅದು ಏಕೆ ಕಾಣಲಿಲ್ಲ?

ಮೊದಲು ವಸ್ತುಸ್ಥಿತಿಯನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಇಂದಿನ ಆಹಾರ ವಿಶ್ಲೇಷಣೆಯ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ, ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟವಿರುತ್ತದೆ. ಸಸಾರಜನಕ, ಅಂದರೆ ಈಗ ಪ್ರೋಟೀನ್ ಎಂದು ಬಳಕೆಯಲ್ಲಿರುವ ಅಂಶ, ಎರಡರಲ್ಲಿಯೂ ಏಳೆಂಟು ಗ್ರಾಂ ಮಾತ್ರ. ಹುರುಳಿಯಲ್ಲಿ ಸಸಾರಜನಕ ಸುಮಾರು 22 ಗ್ರಾಂ. ಆದರೆ ಶರ್ಕರಪಿಷ್ಟವೂ 57 ಗ್ರಾಂನಷ್ಟಿರುವುದರಿಂದ ಅದನ್ನು ಪಿಷ್ಟವಿಲ್ಲದ ಆಹಾರವೆಂದು ಕರೆಯಲಾಗದು. ಕಡಲೆಕಾಯಿ, ಎಳ್ಳುಗಳ ಮಾತು ಬೇರೆ. ಅವುಗಳಲ್ಲಿ ಶರ್ಕರಪಿಷ್ಟ ಕ್ರಮವಾಗಿ 17 ಮತ್ತು 11 ಗ್ರಾಂ; ಸಸಾರಜನಕ ಇಪ್ಪತ್ತಕ್ಕೆ ಮೇಲೆ; ಕೊಬ್ಬು 40 ಗ್ರಾಂನ ಆಸುಪಾಸು. ತುಪ್ಪದಲ್ಲಿ ಪಿಷ್ಟವೇ ಇಲ್ಲ. ಹೀಗೆ ನೋಡಿದರೆ ಅಗ್ಗವಾದುದೂ ಬಹುಕಾಲ ಕೆಡದೆ ಉಳಿಯುವುದೂ ಪಿಷ್ಟಪ್ರಧಾನವಾದ ಧಾನ್ಯವೇ; ಕೊಬ್ಬು ಸಸಾರಜನಕಗಳಿಂದ ಕೂಡಿದುದಕ್ಕೆ ಬೆಲೆ ಹೆಚ್ಚು, ಬಾಳಿಕೆ ಕಡಿಮೆ. ಸಂಗ್ರಹದ ಚರಿತ್ರೆಯೆಲ್ಲವೂ ಈ ವೈಷಮ್ಯದ ಸುತ್ತ ತಿರುಗುತ್ತದೆ.

ಧಾನ್ಯದ ಕಥೆ ಎಲ್ಲರಿಗೂ ತಿಳಿದುದು. ಮೈಸೂರು ಸೀಮೆಯ ರೈತನ ಹಗೇವು ಪ್ರಸಿದ್ಧವಾಗಿದೆ. ನೀರು ನಿಲ್ಲದ ಎತ್ತರದ ನೆಲದಲ್ಲಿ, ಗಟ್ಟಿ ಮಣ್ಣನ್ನು ನೋಡಿ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ಗುಳಿಯನ್ನು ತೋಡುತ್ತಿದ್ದರು. ಒಳಗೆ ಹುಲ್ಲನ್ನು ಹಾಸಿ ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿಯನ್ನಿಟ್ಟು ಮಣ್ಣು ಮೆತ್ತುತ್ತಿದ್ದರು. ಕಾಳು ಉಸಿರಾಡಿ ಒಳಗಿನ ಪ್ರಾಣವಾಯುವನ್ನು ಮುಗಿಸಿದ ಮೇಲೆ ಹುಳುವಿಗೆ ಅಲ್ಲಿ ಬದುಕಿಲ್ಲ. ರಾಗಿಯ ಕಾಳು ಅತಿ ಸಣ್ಣದು. ಕೊಬ್ಬಿನ ಅಂಶ ನೂರಕ್ಕೆ ಎರಡು ಭಾಗ ಮಾತ್ರ, ಆದುದರಿಂದ ಕಮಟುವ ಭಯವೂ ಕಡಿಮೆ. ಹೀಗೆ ಮುಚ್ಚಿದ ರಾಗಿ ವರ್ಷಗಟ್ಟಲೆ ಉಳಿಯುತ್ತಿತ್ತು. ಬಾಯಿ ತೆಗೆದ ಕೂಡಲೆ ಒಳಕ್ಕಿಳಿದವರು ಉಸಿರುಗಟ್ಟಿ ಸಾಯುವುದುಂಟಾದ್ದರಿಂದ ಮೊದಲು ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯನನ್ನು ಇಳಿಸುತ್ತಿದ್ದರು. ಕನ್ನಡದಲ್ಲಿ ಹಗೆ ಎಂಬ ಶಬ್ದಕ್ಕೆ ಧಾನ್ಯದ ಗುಳಿಯೆಂದೂ ಶತ್ರುವೆಂದೂ ಎರಡರ್ಥಗಳಿರುವುದನ್ನು ಇಂತಹ ಸಂದರ್ಭದಲ್ಲಿ ನೆನೆದು ನಮ್ಮ ಹಿರಿಯರು ನಕ್ಕಿರಲೂಬಹುದು.

ಹಗೇವಿಗೆ ಒಂದು ರಾಜಕೀಯ ಗುಣವೂ ಇದ್ದಿತು. ಅದನ್ನು ಅಳೆಯಬಹುದು. ಇಷ್ಟು ಖಂಡುಗವೆಂದು ಲೆಕ್ಕ ಬರೆಯಬಹುದು, ಸಾಲಕ್ಕೆ ಕೊಡಬಹುದು, ಶತ್ರುವಿನಿಂದ ಮರೆಸಬಹುದು, ಅಮಲ್ದಾರನು ಪತ್ತೆಹಚ್ಚಿ ಜಪ್ತಿಮಾಡಲೂಬಹುದು. ಅಲ್ಲದೆ ಅದು ಉಳ್ಳವರದು, ಕೂಲಿಯವನಿಗೆ ಹಗೇವಿರಲಿಲ್ಲ.

ಅಡಕಲಿನ ಸ್ವರೂಪವೇ ಬೇರೆ. ಅದರಲ್ಲಿದ್ದುದೇನೆಂದು ತಿಳಿಯಲು ಹೊಲದಿಂದ ಪ್ರಾರಂಭಿಸಬೇಕು. 1800-01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ರಾಗಿಯ ಹೊಲಗಳ ನಡುವೆ ಅವರೆ, ತೊಗರಿಗಳನ್ನು ಸಾಲುಸಾಲಾಗಿ ಬಿತ್ತುವ ಕ್ರಮವನ್ನು ವಿವರವಾಗಿ ದಾಖಲಿಸಿದ್ದಾನೆ. ಅಕ್ಕಡಿಸಾಲೆಂದು ನಾವು ಕರೆಯುವುದು ಇದನ್ನೇ. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಹರಳು, ಸಾಸಿವೆ—ಇವು ರಾಗಿಯ ಜೊತೆಗೇ ಹೊಲದಿಂದ ಮನೆಗೆ ಬರುತ್ತಿದ್ದುವು. ಮುಂಗಾರು ಕೈಕೊಟ್ಟು ರಾಗಿ ಒಣಗಿದರೆ, ಆ ನೆಲಕ್ಕೇ ತಡವಾಗಿ ಹುರುಳಿಯನ್ನು ಚೆಲ್ಲುತ್ತಿದ್ದರು. ಕಲ್ಲುಭೂಮಿಯಲ್ಲಿಯೂ ಅಲ್ಪ ತೇವದಲ್ಲಿಯೂ ಅದು ಬೆಳೆಯುತ್ತದೆ. ಎತ್ತಿಗೆ ಬೇಯಿಸಿ ಹಾಕುವ ಕಾಳೆಂದು ಅದನ್ನು ಪೇಟೆಯವರು ಕೀಳಾಗಿ ಕಂಡುದುಂಟು. ಆದರೆ ಹುರುಳಿಯ ಕಟ್ಟಿನಿಂದ ಸಾರು ಮಾಡಿ ಮುದ್ದೆಯನ್ನು ನುಂಗಿದವರಿಗೆ ಅದರ ಬೆಲೆ ಗೊತ್ತು.

ಈ ಕಾಳುಗಳನ್ನು ಉಳಿಸುವುದು ರಾಗಿಯಷ್ಟು ಸುಲಭವಲ್ಲ. ದ್ವಿದಳಧಾನ್ಯಕ್ಕೆ ಹುಳು ಬೇಗ ಬೀಳುತ್ತದೆ. ಆದುದರಿಂದ ತೊಗರಿ, ಅವರೆಗಳಿಗೆ ಕೆಮ್ಮಣ್ಣಿನ ಕದಡನ್ನು ಸವರಿ ಬಿಸಿಲಿನಲ್ಲಿ ಒಣಗಿಸುತ್ತಿದ್ದರು. ಕೆಲವಕ್ಕೆ ಬೂದಿಯನ್ನು ಬೆರೆಸುತ್ತಿದ್ದರು. ಬೇಳೆಗೆ ಹರಳೆಣ್ಣೆಯ ಕೈ ಸವರುತ್ತಿದ್ದರು. ಮಡಕೆಯ ಬಾಯಿಗೆ ಬೇವಿನ ಸೊಪ್ಪನ್ನು ತುರುಕುತ್ತಿದ್ದರು. ಎಣ್ಣೆಬೀಜಗಳ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ತಿಳಿವಳಿಕೆಯಿದ್ದಿತು. ತೆಗೆದಿಟ್ಟ ಎಣ್ಣೆ ಗಾಳಿಬೆಳಕುಗಳಿಗೆ ಸಿಕ್ಕಿ ಕಮಟುತ್ತದೆ. ಅದೇ ಎಣ್ಣೆ ಇಡಿಯ ಬೀಜದೊಳಗೆ ಸಿಪ್ಪೆಯ ಮರೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆದುದರಿಂದ ಎಳ್ಳು, ಹುಚ್ಚೆಳ್ಳುಗಳನ್ನು ಬೀಜವಾಗಿಯೇ ಇಟ್ಟು, ಬೇಕಾದಾಗ ಹುರಿದು ಪುಡಿಯನ್ನೋ ಚಟ್ನಿಯನ್ನೋ ಮಾಡಿಕೊಳ್ಳುತ್ತಿದ್ದರು. ಹಾಲು ಒಂದು ದಿನದ ವಸ್ತು, ಬೆಣ್ಣೆ ನಾಲ್ಕು ದಿನದ್ದು. ಕಾಸಿ ನೀರನ್ನು ಹೋಗಲಾಡಿಸಿದ ತುಪ್ಪ ವರ್ಷಕ್ಕೂ ಬರುತ್ತದೆ. ಗೋರಿಕಾಯಿ, ಸುಂಡೆಕಾಯಿ, ಮೆಣಸಿನಕಾಯಿಗಳನ್ನು ಉಪ್ಪುಮಜ್ಜಿಗೆಯಲ್ಲಿ ನೆನೆಸಿ ಒಣಗಿಸುವುದು ಸಾಮಾನ್ಯವಾಗಿದ್ದಿತು. ಇವುಗಳ ಜೊತೆಗೆ ಉಪ್ಪು ಅರಿಸಿನ ಹಚ್ಚಿ ದಾರಕ್ಕೆ ಪೋಣಿಸಿ ಒಣಗಿಸಿದ ಮಾಂಸ, ಅಂದರೆ ಉಪ್ಪುಕಂಡ, ಮತ್ತು ಒಣಮೀನು. ಗ್ರಂಥಗಳಲ್ಲಿ ಇವುಗಳ ಮಾತು ವಿರಳ. ಬರೆದವರಲ್ಲಿ ಅನೇಕರು ಅವನ್ನು ತಿನ್ನುತ್ತಿರಲಿಲ್ಲವೆಂಬುದೇ ಇದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ಕುರಿ, ಕೋಳಿಗಳು ಬಡವನ ಪಾಲಿಗೆ ಕಾಲಿನ ಮೇಲೆ ನಡೆದಾಡುವ ಸಂಗ್ರಹಗಳಾಗಿದ್ದುವು.

ಈ ಅಡಕಲಿನ ಲೆಕ್ಕ ಹೆಂಗಸರ ನೆನಪಿನಲ್ಲಿದ್ದಿತು. ಶಾನುಭೋಗನ ಕಡತದಲ್ಲಿ ಅದು ಬರಲಿಲ್ಲ. ಯಾವ ಮಡಕೆಯಲ್ಲಿ ಏನಿದೆ, ಯಾವುದು ಮೊದಲು ಮುಗಿಯಬೇಕು ಎಂಬುದು ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲಿ ಬಂದ ವಿದ್ಯೆ.

ರಾಜ್ಯಶಾಸ್ತ್ರ ಈ ವಿಷಯವನ್ನು ಅರಿಯದೆ ಇರಲಿಲ್ಲ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಗದ ಸಂಗ್ರಹವನ್ನು ಕುರಿತ ಭಾಗವನ್ನು ಓದಿದರೆ ಆಶ್ಚರ್ಯವಾಗುತ್ತದೆ. ಅಲ್ಲಿ ಧಾನ್ಯದ ಮಾತು ಒಂಟಿಯಾಗಿ ಬರುವುದಿಲ್ಲ. ಎಣ್ಣೆತುಪ್ಪಗಳು, ಉಪ್ಪು, ಔಷಧಿ, ಒಣಗಿಸಿದ ತರಕಾರಿ, ಒಣಗಿಸಿದ ಮಾಂಸ ಇವೆಲ್ಲ ಅನೇಕ ವರ್ಷಗಳ ಬಳಕೆಗೆ ಸಾಲುವಷ್ಟಿರಬೇಕು, ಹೊಸದು ಬಂದಂತೆ ಹಳೆಯದನ್ನು ತೆಗೆದು ಬಳಸಬೇಕು ಎಂಬುದು ಅಲ್ಲಿನ ವಿಧಿ. ಮೈಸೂರಿನ ಅರಸರಲ್ಲಿ ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದ ಕೊನೆಯಲ್ಲಿ ಏರ್ಪಡಿಸಿದ ಚಾವಡಿಗಳ ಪೈಕಿ ಬೆಣ್ಣೆ ಚಾವಡಿ ಎಂಬುದೊಂದಿದ್ದಿತು. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಅದರ ಕೆಲಸ. ಹೈದರನ ಕಾಲಕ್ಕೆ ಆ ದನಗಳ ತಳಿ ಸೈನ್ಯದ ಭಾರವನ್ನು ಎಳೆಯತೊಡಗಿತು. ಟೀಪುವು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಹೆಸರಿನಲ್ಲಿ ಅಮೃತವಿದ್ದರೂ ಬೆಣ್ಣೆಯ ಇಲಾಖೆ ಫಿರಂಗಿಯ ಇಲಾಖೆಯಾಗಿದ್ದಿತೆನ್ನಬಹುದು.

ಆ ಕಾಲದ ಯುದ್ಧಗಳೇ ಸಂಗ್ರಹದ ಕಠಿಣ ಪರೀಕ್ಷೆಗಳಾದುವು. 1791ರ ಮೇ 15ರಂದು ಅರಕೆರೆಯ ಬಳಿ ಗೆದ್ದ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣವನ್ನು ಮುತ್ತಲಾರದೆ ಹಿಮ್ಮೆಟ್ಟಿದುದು ಆಹಾರಾಭಾವದಿಂದ. ಸುತ್ತಲ ಸೀಮೆಯನ್ನು ಟೀಪುವು ಬರಿದುಮಾಡಿಸಿದ್ದನು. ಮೇವಿಲ್ಲದೆ ಎತ್ತುಗಳು ಸತ್ತುವು. ಕನ್ನಂಬಾಡಿಯ ಬಳಿ ಭಾರಿ ಫಿರಂಗಿಗಳನ್ನು ತಾವೇ ನಾಶಮಾಡಿ ಹೊರಡಬೇಕಾಯಿತು. ಮೇಲುಕೋಟೆಯ ದಿಕ್ಕಿನಲ್ಲಿ ಮರಾಠರ ದಂಡು ಎದುರಾಗಿ, ಅವರ ಪಾಳೆಯದ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಧಾನ್ಯ ದೊರೆತಾಗಲೇ ಆಂಗ್ಲ ಸೈನ್ಯಕ್ಕೆ ಉಸಿರು ಬಂದಿತು. ಮರುವರ್ಷ ಅವನು ಮರಳಿದಾಗ ಧಾನ್ಯವನ್ನು ಹೊತ್ತವರು ಲಂಬಾಣಿಗಳು. 1799ರಲ್ಲಿ ಜನರಲ್ ಹ್ಯಾರಿಸನ ಅನುಭವ ಇನ್ನೂ ಬೋಧಪ್ರದವಾದುದು. ಕೋಟೆಯೆದುರು ಬೀಡುಬಿಟ್ಟು ಏಪ್ರಿಲ್ 16ರಂದು ಅಕ್ಕಿಯ ಚೀಲಗಳನ್ನು ಅಳೆಯಿಸಿದಾಗ, ಕಳವಿನಿಂದಲೋ ಸೋರಿಕೆಯಿಂದಲೋ ಅವು ಕುಗ್ಗಿಹೋಗಿ, ಹೋರಾಡುವವರಿಗೆ ಅರ್ಧ ಪಡಿಯಂತೆ 18 ದಿನಗಳಿಗೆ ಮಾತ್ರ ಸಾಲುವಷ್ಟು ಉಳಿದಿದ್ದಿತು. ಚೀಲಗಳ ಎಣಿಕೆ ಸರಿಯಾಗಿಯೇ ಇದ್ದಿತು; ಒಳಗಿನದನ್ನು ಅಳೆದವರಿರಲಿಲ್ಲ.

ಸೈನ್ಯದ ಹಸಿವು ವಾರಗಳ ಮಾತು. ಜನರ ಹಸಿವನ್ನು ತಿಳಿಯಬೇಕಾದರೆ 1876-78ರ ಮಹಾಕ್ಷಾಮಕ್ಕೆ ಬರಬೇಕು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷಗಳ ಸಹಜವಾದ ಏರಿಕೆಯನ್ನು ಬದಿಗಿಟ್ಟರೂ ಎಂಟೂಮುಕ್ಕಾಲು ಲಕ್ಷದಷ್ಟು ಜನರು ಕಡಿಮೆಯಾಗಿದ್ದರು. ಮುಂಗಾರು ಹಿಂಗಾರುಗಳೆರಡೂ ತಪ್ಪಿದ ಮೇಲೆ ಏನಾಯಿತೆಂಬುದನ್ನು ಅಡಕಲಿನ ದೃಷ್ಟಿಯಿಂದ ನೋಡಿದವರು ಕಡಿಮೆ. ಹಗೇವಿನ ರಾಗಿ ಇದ್ದವರಿಗೆ ಕೆಲವು ಕಾಲ ಇದ್ದಿತು. ಆದರೆ ಅಕ್ಕಡಿಯ ಕಾಳು ಆ ವರ್ಷದ ಹೊಲದಿಂದಲೇ ಬರತಕ್ಕದ್ದು. ಮೇವಿಲ್ಲದೆ ದನ ಸತ್ತರೆ ತುಪ್ಪವಿಲ್ಲ. ಕೆರೆ ಒಣಗಿದರೆ ಮೀನಿಲ್ಲ. ನೆಲದಲ್ಲಿ ತೇವವಿಲ್ಲದಿದ್ದರೆ ಅಣ್ಣೆಸೊಪ್ಪೂ ಇಲ್ಲ. ಧಾನ್ಯಕ್ಕಿಂತ ಮೊದಲು ಅಡಕಲು ಬರಿದಾಗುವುದು ಹೀಗೆ. ಬರಿಯ ಹಿಟ್ಟಿನ ಗಂಜಿಗೆ ಇಳಿದ ಮನೆ ಕ್ಷಾಮವನ್ನು ಆಗಲೇ ಪ್ರವೇಶಿಸಿರುತ್ತದೆ.

ಈ ವಿಷಯ ಆಗಿನ ಸರ್ಕಾರದ ಮುಂದೆ ವಾದವಾಗಿಯೇ ಬಂದಿತು. 1877ರ ಆರಂಭದಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲನು, ಪರಿಹಾರ ಕಾಮಗಾರಿಯ ಕೂಲಿಯವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯವನ್ನು ಕೊಳ್ಳುವಷ್ಟು ಹಣ ಮತ್ತು ಅದರ ಮೇಲೆ ಅರ್ಧ ಆಣೆ ಸಾಕೆಂದು ಕೂಲಿಯನ್ನು ಇಳಿಸಿದನು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಡಬ್ಲ್ಯೂ. ಆರ್. ಕಾರ್ನಿಷನು ಇದನ್ನು ಕಟುವಾಗಿ ವಿರೋಧಿಸಿದನು. ತೂಕ ಸಾಲದೆಂಬುದು ಅವನ ಮೊದಲ ಆಕ್ಷೇಪ. ಕನಿಷ್ಠ ಒಂದೂವರೆ ಪೌಂಡು ಬೇಕೆಂದನು. ನಮಗೆ ಮುಖ್ಯವಾದುದು ಎರಡನೆಯದು: ಬೇಳೆಕಾಳು ಮೊದಲಾದ ಸಸಾರಜನಕ ಪದಾರ್ಥಗಳಿಲ್ಲದೆ ಬರಿಯ ಧಾನ್ಯದಿಂದ ದುಡಿಯುವ ದೇಹ ನಿಲ್ಲುವುದಿಲ್ಲವೆಂಬುದು. ಶಿಬಿರಗಳಲ್ಲಿ ಕಂಡ ಬಾವು, ಅತಿಸಾರಗಳನ್ನು ಅವನು ಸಾಕ್ಷ್ಯವಾಗಿ ಮುಂದಿಟ್ಟನು. ವಿಲಿಯಂ ಡಿಗ್ಬಿ 1878ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ ಕ್ಷಾಮದ ಇತಿಹಾಸದಲ್ಲಿ ಈ ವಾಗ್ವಾದ ವಿಸ್ತಾರವಾಗಿ ಬಂದಿದೆ. ಮೈಸೂರಿನ ವೃತ್ತಾಂತವೂ ಅದರಲ್ಲಿದೆ. ನಮ್ಮ ಇಂದಿನ ಲೆಕ್ಕದಲ್ಲಿ ಒಂದು ಪೌಂಡು ರಾಗಿಯಲ್ಲಿ ಶರ್ಕರಪಿಷ್ಟ ಸುಮಾರು 300 ಗ್ರಾಂ, ಸಸಾರಜನಕ ಸುಮಾರು 32 ಗ್ರಾಂ. ದಿನವೆಲ್ಲ ಮಣ್ಣು ಹೊರುವವನಿಗೆ ಎರಡನೆಯದಂತೂ ಏನೇನೂ ಸಾಲದು, ಮೊದಲನೆಯದೂ ಸಾಲದು. ಆ ಜನರಿಗೆ ಪಿಷ್ಟ ಹೆಚ್ಚಾಗಿತ್ತೆಂದು ಯಾರೂ ತಪ್ಪು ತಿಳಿಯಬಾರದು. ಅವರು ಸತ್ತದ್ದು ಒಟ್ಟು ಆಹಾರವಿಲ್ಲದೆ. ಧಾನ್ಯವೊಂದನ್ನೇ ಆಹಾರವೆಂದು ಅಳೆದ ಅಳತೆ ಆ ಅಭಾವವನ್ನು ಇನ್ನಷ್ಟು ಆಳವಾಗಿಸಿತೆಂಬುದಷ್ಟೇ ಇಲ್ಲಿನ ವಾದ. ಮದರಾಸು ಸರ್ಕಾರ ಕೆಲವು ತಿಂಗಳುಗಳಲ್ಲಿಯೇ ಕೂಲಿಯನ್ನು ಹೆಚ್ಚಿಸಿತು. 1880ರ ಕ್ಷಾಮ ಆಯೋಗದ ನಂತರ ರಚಿತವಾದ ಕ್ಷಾಮ ಸಂಹಿತೆಗಳಲ್ಲಿ ಪಡಿಯ ಜೊತೆಗೆ ಬೇಳೆ, ಉಪ್ಪು, ಎಣ್ಣೆ ಅಥವಾ ತುಪ್ಪ ಸೇರಿಕೊಂಡುವು. ಅಡಕಲು ಸರ್ಕಾರಿ ಕಾಗದದ ಮೇಲೆ ಬಂದುದು ಹೀಗೆ.

ಆಮೇಲಿನ ಕಥೆ ನೀರಿನದು. 1911ರಲ್ಲಿ ಪ್ರಾರಂಭವಾದ ಕೃಷ್ಣರಾಜಸಾಗರ, ಅದರ ವಿಶ್ವೇಶ್ವರಯ್ಯ ನಾಲೆ, 1933ರ ಮಂಡ್ಯದ ಸಕ್ಕರೆ ಕಾರ್ಖಾನೆ, ಬಹುಕಾಲದ ಮೇಲೆ ಗೊರೂರಿನ ಹೇಮಾವತಿ ಅಣೆಕಟ್ಟು, ಇವು ಈ ಸೀಮೆಯನ್ನು ಕ್ಷಾಮದ ಭಯದಿಂದ ಬಿಡಿಸಿದುವು. ಅದನ್ನು ಲಘುವಾಗಿ ಎಣಿಸುವವನು ಕೃತಘ್ನ. ಆದರೆ ನಾಲೆ ಹರಿದ ಹೊಲಕ್ಕೆ ಬಂದುದು ಬತ್ತ ಮತ್ತು ಕಬ್ಬು. ಕೆಸರುಗದ್ದೆಯಲ್ಲಿ ಅಕ್ಕಡಿಸಾಲಿಗೆ ಎಡೆಯಿಲ್ಲ. ಹುರುಳಿ, ಹುಚ್ಚೆಳ್ಳುಗಳು ಮೇಲುನೆಲಕ್ಕೆ ಸರಿದುವು. ಮನೆಯ ಸಂಗ್ರಹ ಅಕ್ಕಿಮೂಟೆ, ಬೆಲ್ಲದ ಪಿಂಡಿಗಳಾಯಿತು. ನಾಗಮಂಗಲದ ಒಣಭೂಮಿಯಲ್ಲಿ ಹಳೆಯ ಕ್ರಮ ಇನ್ನಷ್ಟು ಕಾಲ ಉಳಿಯಿತು.

ಧಾನ್ಯವಲ್ಲದ ಆಪದಾಹಾರವನ್ನು ವಿಜ್ಞಾನ ಕೈಗೆತ್ತಿಕೊಂಡುದು ಇಲ್ಲಿಂದ ಒಂದು ಹಗಲಿನ ದಾರಿಯಾದ ಮೈಸೂರಿನಲ್ಲಿಯೇ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ವಿ. ಸುಬ್ರಹ್ಮಣ್ಯನ್ ಅವರ ನಿರ್ದೇಶಕತ್ವದಲ್ಲಿ ಬಹೂದ್ದೇಶ ಆಹಾರವೆಂಬ ಪುಡಿಯನ್ನು ಸಿದ್ಧಪಡಿಸಿತು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು 75 ಭಾಗ, ಕಡಲೆಹಿಟ್ಟು 25 ಭಾಗ, ಅದಕ್ಕೆ ಜೀವಸತ್ತ್ವ ಮತ್ತು ಲವಣಗಳು. ಅದರಲ್ಲಿ ನೂರಕ್ಕೆ ನಲವತ್ತಕ್ಕೂ ಮೇಲೆ ಸಸಾರಜನಕ. ಗಾಣದ ಹಿಂಡಿಯನ್ನು ದನಕ್ಕೆ ಹಾಕುತ್ತಿದ್ದ ನಾಡಿನಲ್ಲಿ ಅದನ್ನು ಮನುಷ್ಯನ ಆಪದ್ಧನವಾಗಿ ಕಂಡುದು ದೊಡ್ಡ ವಿಚಾರ. ಆದರೆ 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿಯನ್ನು ತಿಂದ ಟರ್ಕಿ ಕೋಳಿಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತು, ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಬೆಳಕಿಗೆ ಬಂದಿತು. ತೇವದಲ್ಲಿ ಕೂಡಿಟ್ಟ ಕಡಲೆಕಾಯಿ ಕಹಿಯಾದರೆ ಬಿಸಾಡಬೇಕೆಂಬ ಮನೆಯ ನಿಯಮಕ್ಕೆ ಪ್ರಯೋಗಶಾಲೆಯ ಆಧಾರ ದೊರೆತುದು ಆಗ. 1961ರಲ್ಲಿ ಮೈಸೂರಿನಲ್ಲಿಯೇ ಪ್ರಾರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಶಾಲೆ ಸೈನಿಕರ ಬುತ್ತಿಯ ಸಮಸ್ಯೆಯನ್ನು ವಹಿಸಿಕೊಂಡಿತು. ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿಯೆಂಬ ಅಲ್ಲಿನ ಗುರಿ ಕೊಬ್ಬಿನ ಕಡೆಗೇ ಒಲಿಯುವುದು ಸಹಜ.

2020ರ ಮಾರ್ಚಿಗೆ ಹಿಂದಿರುಗೋಣ. ಆಗ ಕೇಂದ್ರ ಸರ್ಕಾರ ಪ್ರಕಟಿಸಿದ ಉಚಿತ ಪಡಿಯಲ್ಲಿ ತಿಂಗಳಿಗೆ ತಲೆಗೆ 5 ಕಿಲೋಗ್ರಾಂ ಧಾನ್ಯವಿದ್ದಿತು. ಬೇಳೆ 1 ಕಿಲೋಗ್ರಾಂ, ಅದೂ ಮನೆಗೆ. ಆರು ಜನರಿರುವ ಮನೆಯಲ್ಲಿ 30ಕ್ಕೆ 1. ಕಾರ್ನಿಷನ ವಾದ ಮುಗಿದು ನೂರನಲವತ್ತು ವರ್ಷಗಳ ಮೇಲಾಗಿದ್ದರೂ ಅಳತೆಯ ಅಭ್ಯಾಸ ಬಹಳವೇನೂ ಬದಲಾಗಿರಲಿಲ್ಲ. ಹಸಿದವನಿಗೆ ಆ ಐದು ಕಿಲೋಗ್ರಾಂ ಜೀವದಾನವೇ ಆಗಿತ್ತು. ನನ್ನ ವಿದ್ಯಾರ್ಥಿಯ ತಂದೆಗೆ ಅದರಿಂದ ಉಪಯೋಗ ಕಡಿಮೆ.

ಹುಡುಗನಿಗೆ ಆ ದಿನ ಹೇಳಿದುದು ಇಷ್ಟು: ಮದ್ದಿನ ಪ್ರಮಾಣ ಊಟಕ್ಕೆ ಹೊಂದಿಕೊಂಡಿರುತ್ತದೆ, ವೈದ್ಯರನ್ನು ಕೇಳದೆ ತಂದೆಯವರ ಊಟವನ್ನು ತಟ್ಟನೆ ಬದಲಿಸಬೇಡ. ಕೂಡಿಡುವುದಾದರೆ ಸಿಪ್ಪೆಯೊಳಗಿನ ಕಡಲೆಕಾಯಿ, ಎಳ್ಳು, ಹುಚ್ಚೆಳ್ಳುಗಳನ್ನು ಚೆನ್ನಾಗಿ ಒಣಗಿಸಿ ಇಡು, ಹುರುಳಿಯನ್ನು ಇಡು, ಆದರೆ ಅದರಲ್ಲಿಯೂ ಪಿಷ್ಟವಿದೆಯೆಂಬುದನ್ನು ಮರೆಯಬೇಡ, ತುಪ್ಪವಿರಲಿ, ಹಿತ್ತಿಲಲ್ಲಿ ನಾಲ್ಕು ಕೋಳಿ, ಒಂದು ನುಗ್ಗೆಮರವಿದ್ದರೆ ಇನ್ನೂ ಒಳ್ಳೆಯದು. ಆರು ತಿಂಗಳಿಗೊಮ್ಮೆ ಹಳೆಯದನ್ನು ತಿಂದು ಮುಗಿಸಿ ಹೊಸದನ್ನು ತುಂಬು. ಎರಡು ದಿನಗಳ ಮೇಲೆ ಅವನೇ ಮತ್ತೆ ಮಾತನಾಡಿದನು. ಹುಚ್ಚೆಳ್ಳನ್ನು ಎಲ್ಲಿ ಕೊಳ್ಳುವುದೆಂದು ಮನೆಯಲ್ಲಿ ವಿಚಾರಿಸುತ್ತಿದ್ದಾಗ ಅವನ ಅಜ್ಜಿ ಎದ್ದುಹೋಗಿ ಒಳಕೋಣೆಯ ಮೂಲೆಯಿಂದ ಒಂದು ಮಡಕೆಯನ್ನು ತಂದು ಮುಂದಿಟ್ಟರಂತೆ. ಅದರಲ್ಲಿ ಎರಡು ಸೇರಿನಷ್ಟು ಹುಚ್ಚೆಳ್ಳಿದ್ದಿತಂತೆ.

ಹಗೇವುಗಳು ಈಗ ಹಳ್ಳಿಗಳಲ್ಲಿ ಮುಚ್ಚಿಹೋಗಿವೆ. ರಸ್ತೆ ಅಗೆಯುವಾಗ ಎಲ್ಲಿಯಾದರೂ ನೆಲ ಕುಸಿದರೆ ಅದು ಹಗೇವೆಂದು ತಿಳಿಯುತ್ತದೆ. ಅವುಗಳ ಅಳತೆಯನ್ನು ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ಅಡಕಲಿನ ವಿವರ ಹಾಗಲ್ಲ. ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ ತಾಲ್ಲೂಕುಗಳ ವಿದ್ಯಾರ್ಥಿಗಳು ಬರುವ ಬೇಸಗೆಯ ರಜೆಯಲ್ಲಿ ತಮ್ಮ ಮನೆಯ ವೃದ್ಧೆಯರನ್ನು ಕೇಳಿ, ಯಾವ ಮಡಕೆಯಲ್ಲಿ ಏನಿರುತ್ತಿತ್ತು, ಎಷ್ಟು ತಿಂಗಳು ಬರುತ್ತಿತ್ತು, ಹುಳು ಬೀಳದಂತೆ ಏನನ್ನು ಬೆರೆಸುತ್ತಿದ್ದರು, ಬರಗಾಲದಲ್ಲಿ ಯಾವುದನ್ನು ಕೊನೆಗೆ ತೆರೆಯುತ್ತಿದ್ದರು ಎಂಬುದನ್ನು ಊರಿನ ಹೆಸರಿನೊಡನೆ ಬರೆದು ತಂದರೆ, ಮುಂದಿನ ಸಂಚಿಕೆಯಲ್ಲಿ ಅದನ್ನು ಕ್ರಮವಾಗಿ ಜೋಡಿಸಿ ಪ್ರಕಟಿಸಬಹುದು.